ಕಕುದ್ಗಿರಿಯ ಯಾತ್ರೆ

ಪರ್ವತಗಳಲ್ಲಿ ಎರಡು ಬಗೆಯುಂಟು. ಕೇವಲ ಕಲ್ಲುಮಣ್ಣುಗಳಿಂದ ಆದುವು ಒಂದು ಬಗೆ. ಜನರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತುಗಳಿಂದಲೂ ಬೆಳೆದು ನಿಂತವು ಇನ್ನೊಂದು ಬಗೆ. ಮೊದಲನೆಯದನ್ನು ಏರುವುದಕ್ಕೆ ಕಾಲಿನಲ್ಲಿ ಬಲವಿದ್ದರೆ ಸಾಕು. ಎರಡನೆಯದನ್ನು ಏರತಕ್ಕವನು ಕಿವಿಯನ್ನೂ ತೆರೆದುಕೊಂಡಿರಬೇಕು. ಕಾಳಿದಾಸನು ಕುಮಾರಸಂಭವವನ್ನು ಹಿಮವಂತನ ವರ್ಣನೆಯಿಂದಲೇ ಆರಂಭಿಸಿ, ಆ ಪರ್ವತಕ್ಕೆ ದೇವತೆಯ ಆತ್ಮವನ್ನೂ ಹೆಣ್ಣು ಹೆತ್ತ ತಂದೆಯ ಹೃದಯವನ್ನೂ ಕೊಟ್ಟನಷ್ಟೆ. ಆ ಕಾವ್ಯವನ್ನು ಒಮ್ಮೆ ಓದಿದವರಿಗೆ ಹಿಮಾಲಯವು ಬರಿಯ ಮಂಜಿನ ರಾಶಿಯಾಗಿ ಕಾಣಲಾರದು.

ಇದು ನಮ್ಮ ದೇಶಕ್ಕೆ ಮಾತ್ರ ಮೀಸಲಾದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಐರ್ಲೆಂಡ್ ದೇಶದ ಪಶ್ಚಿಮ ತೀರದಲ್ಲಿ ಸ್ಲೈಗೊ ಎಂಬ ಸೀಮೆಯುಂಟು. ಅಲ್ಲಿಯ ಬೆನ್ ಬಲ್ಬೆನ್ ಎಂಬ ಚಪ್ಪಟೆ ತಲೆಯ ಬೆಟ್ಟದ ಎತ್ತರ ಎರಡು ಸಾವಿರ ಅಡಿಗಿಂತಲೂ ಕಡಿಮೆ. ಡಿಯರ್ಮಿಡ್ ಎಂಬ ವೀರನು ಅಲ್ಲಿ ಕಾಡುಹಂದಿಯ ಕೋರೆಗೆ ಸಿಕ್ಕಿ ಮಡಿದನೆಂದು ಅವರ ಪುರಾಣ. ರವೀಂದ್ರರ ಇಂಗ್ಲಿಷ್ ಗೀತಾಂಜಲಿಗೆ 1912ರಲ್ಲಿ ಮುನ್ನುಡಿ ಬರೆದವನೂ, ಶ್ರೀ ಪುರೋಹಿತಸ್ವಾಮಿಗಳೊಡನೆ ಸೇರಿ ಹತ್ತು ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಿರುಗಿಸಿ 1937ರಲ್ಲಿ ಪ್ರಕಟಿಸಿದವನೂ ಆದ ಕವಿ ಯೇಟ್ಸನು ಈ ಬೆಟ್ಟದ ಹೆಸರನ್ನು ಲೋಕಕ್ಕೆಲ್ಲ ಪರಿಚಯ ಮಾಡಿಸಿದನು. 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ ಅವನ ದೇಹಾವಶೇಷವನ್ನು 1948ರಲ್ಲಿ ತಾಯ್ನಾಡಿಗೆ ತಂದು, ಆ ಬೆಟ್ಟದ ಅಡಿಯಲ್ಲಿರುವ ಡ್ರಮ್‌ಕ್ಲಿಫ್ ಚರ್ಚಿನ ಅಂಗಳದಲ್ಲಿ ಸಮಾಧಿ ಮಾಡಿದರು. ಅದೇ ಸೀಮೆಯ ನಾಕ್‌ನರೇ ಎಂಬ ಇನ್ನೊಂದು ಬೆಟ್ಟದ ನೆತ್ತಿಯ ಮೇಲೆ ಸುಮಾರು ಐದು ಸಾವಿರ ವರ್ಷಗಳ ಹಿಂದಿನ ದೊಡ್ಡ ಕಲ್ಲುಗುಪ್ಪೆಯಿರುವುದು. ವಿದ್ವಾಂಸರು ಅದನ್ನು ಅಗೆದು ಪರೀಕ್ಷಿಸಿಲ್ಲ. ಮೇವ್ ಎಂಬ ರಾಣಿ ಅದರೊಳಗೆ ಇದ್ದಾಳೆಂದು ಜನರು ಮಾತ್ರ ನಿಸ್ಸಂದೇಹವಾಗಿ ಹೇಳುವರು.

ಇದನ್ನೆಲ್ಲ ಓದಿದಾಗ ನಮ್ಮ ಮನಸ್ಸಿಗೆ ಬಂದುದು ಶಿವಗಂಗೆ. ನಾವು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ನಾಗಸಂದ್ರದಲ್ಲಿ ನೆಲೆಸಿರುವೆವು. ತುಮಕೂರು ರಸ್ತೆಯ ಮೇಲಿನ ಈ ಊರು ಹಿಂದೆ ರಾಗಿಯ ಹೊಲಗಳ ನಡುವಣ ಹಳ್ಳಿ. 2015ನೆಯ ಇಸವಿಯ ಮೇ ತಿಂಗಳಿನಲ್ಲಿ ಮೆಟ್ರೋ ರೈಲು ಇಲ್ಲಿಯವರೆಗೆ ಬಂದಿತು. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮುಂದುವರಿಯಿತು. ಕಟ್ಟಡಗಳು ಎದ್ದು ದಿಗಂತವನ್ನು ಮುಚ್ಚಿಬಿಟ್ಟಿವೆ. ಅದೇ ರಸ್ತೆಯಲ್ಲಿ ನೆಲಮಂಗಲವನ್ನು ದಾಟಿ ಡಾಬಸ್‌ಪೇಟೆಯ ಬಳಿ ತಿರುಗಿದರೆ ಶಿವಗಂಗೆ. ಇಷ್ಟು ಹತ್ತಿರದ ಬೆಟ್ಟವನ್ನು ನೋಡದೆ ದೂರದ ಕ್ಷೇತ್ರಗಳಿಗೆ ಹಣ ಕಟ್ಟುವವರು ನಮ್ಮ ಬೀದಿಯಲ್ಲಿಯೇ ಬಹುಮಂದಿಯಿರುವರು.

ಸ್ಥಳಪುರಾಣದಲ್ಲಿ ಈ ಬೆಟ್ಟಕ್ಕೆ ಕಕುದ್ಗಿರಿ ಎಂದು ಹೆಸರು. ಕಕುದ್ ಎಂದರೆ ಎತ್ತಿನ ಹಿಣಿಲು, ಶಿಖರವೆಂದೂ ಅರ್ಥವುಂಟು. ವೃಷಭರೂಪವನ್ನು ತಾಳಿದ ಇಂದ್ರನ ಹಿಣಿಲಿನ ಮೇಲೆ ಕುಳಿತು ಯುದ್ಧ ಮಾಡಿದ ರಾಜನಿಗೆ ಕಕುತ್ಸ್ಥನೆಂದು ಹೆಸರಾಗಿ, ಅವನ ವಂಶದಲ್ಲಿ ಹುಟ್ಟಿದ ಶ್ರೀರಾಮನು ಕಾಕುತ್ಸ್ಥನೆನಿಸಿಕೊಂಡನು. ಪೂರ್ವದಿಂದ ನೋಡಿದರೆ ಈ ಬೆಟ್ಟವು ಬಸವನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂದು ಹೇಳುವರು. ಒಂದೇ ಬಂಡೆ ನಾಲ್ಕು ದಿಕ್ಕಿನವರಿಗೆ ನಾಲ್ಕು ಬಗೆಯಾಗಿ ಕಾಣುವುದೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಕಳೆದ ಮಾರ್ಗಶಿರದಲ್ಲಿ ನಾವು ನಾಲ್ವರು ಹೊರಟೆವು: ನಾವು, ನಮ್ಮ ಗೃಹಿಣಿ, ನಮ್ಮ ತಂಗಿಯ ಮಗಳು ಮತ್ತು ಅವಳ ಗಂಡ. ಈ ಹುಡುಗಿಗೆ ಮದುವೆಯಾಗಿ ಒಂಬತ್ತು ವರ್ಷಗಳಾದುವು, ಮಕ್ಕಳಿಲ್ಲ. ಶಿವಗಂಗೆಯ ಒಳಕಲ್ಲುತೀರ್ಥದಲ್ಲಿ ಕೈಯಿಟ್ಟು ಬರಬೇಕೆಂದೂ, ನೀರು ಸಿಕ್ಕಿದರೆ ಇಷ್ಟಾರ್ಥವು ಸಿದ್ಧಿಸುವುದೆಂದೂ ಅವಳ ಅತ್ತೆಯವರು ಹಲವು ಸಲ ಹೇಳಿದ್ದರಂತೆ. ಗಂಡನು ಸಾಧುಸ್ವಭಾವದವನು. ತಾಯಿಯ ಮಾತಿಗೂ ಎದುರಾಡಲಾರ, ಹೆಂಡತಿಯ ಮುಖವನ್ನೂ ನೋಡಲಾರ. ಹುಡುಗಿಯು ದಾರಿಯುದ್ದಕ್ಕೂ ಹೆಚ್ಚು ಮಾತನಾಡಲಿಲ್ಲ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 4500 ಅಡಿ. ತುದಿಯವರೆಗಿನ ಮೆಟ್ಟಿಲುಗಳ ಸಂಖ್ಯೆಯು ಇಲ್ಲಿಂದ ಕಾಶಿಗೆ ಇರುವ ಯೋಜನಗಳಿಗೆ ಸಮವೆಂದೂ, ಆದಕಾರಣ ಇದನ್ನು ಹತ್ತಿದರೆ ಕಾಶೀಯಾತ್ರೆಯ ಫಲವೆಂದೂ ಜನರು ನಂಬಿದ್ದರೆಂದು ಲೂಯಿ ರೈಸ್ ಸಾಹೇಬರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿಟ್ಟಿರುವರು. ದಕ್ಷಿಣಕಾಶಿಯೆಂಬ ಹೆಸರೂ ಈ ಕ್ಷೇತ್ರಕ್ಕೆ ಸಲ್ಲುತ್ತದೆ. ಯೋಜನಕ್ಕೆ ಎಂಟು ಮೈಲಿಯೆಂದು ಹಿಡಿದರೆ, ಹದ್ದು ಹಾರುವ ದಾರಿಯಲ್ಲಿ ಕಾಶಿಯು ನೂರಿಪ್ಪತ್ತು ಯೋಜನವೂ ಆಗದು. ಮೆಟ್ಟಿಲುಗಳೋ ಅದಕ್ಕಿಂತ ಎಷ್ಟೋ ಹೆಚ್ಚು. ಈ ಲೆಕ್ಕವನ್ನು ಹೇಳಿದಾಗ ನಮ್ಮ ಗೃಹಿಣಿಯು, “ಅರುವತ್ತು ದಾಟಿದವರ ಮಂಡಿ ಎಣಿಸುವ ಯೋಜನವೇ ಬೇರೆ, ನೀವು ಸುಮ್ಮನೆ ಹತ್ತಿ” ಎಂದಳು. ಹುಡುಗಿಯು ಆಗ ಮೊದಲ ಬಾರಿ ನಕ್ಕಳು.

ಗಂಗಾಧರೇಶ್ವರನ ಗುಡಿಯೂ ಹೊನ್ನಾದೇವಿಯ ಗುಡಿಯೂ ಬಂಡೆಯ ಸ್ವಾಭಾವಿಕವಾದ ಗುಹೆಗಳಲ್ಲಿವೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಮೈ ತಣ್ಣಗಾಗುವುದು. ಲಿಂಗಕ್ಕೆ ತಿಕ್ಕಿದ ತುಪ್ಪವು ಬೆಣ್ಣೆಯಾಗುವುದೆಂದು ಪ್ರತೀತಿ. ಭಕ್ತರು ತುಪ್ಪವನ್ನು ಮನೆಯಿಂದಲೇ ತರುವರು. ಈ ಗುಹೆಯಿಂದ ಬೆಂಗಳೂರಿನ ಗವಿಗಂಗಾಧರೇಶ್ವರನ ಗುಡಿಯವರೆಗೆ ಸುರಂಗವಿದೆಯೆಂದೂ ಒಂದು ಕಥೆ. ಮಾಗಡಿಯ ಕೆಂಪೇಗೌಡರು ತಮ್ಮ ಬೊಕ್ಕಸದ ಒಂದು ಭಾಗವನ್ನು ಈ ಬೆಟ್ಟದಲ್ಲಿರಿಸಿದ್ದರೆಂದು ಮತ್ತೊಂದು ಕಥೆ. ಕಲ್ಲಿನ ಕೆಳಗೆ ಅಡಗಿದ ಪಾತಾಳಗಂಗೆಯಲ್ಲದೆ ಅಗಸ್ತ್ಯ, ಕಣ್ವ ಮುಂತಾದ ಋಷಿಗಳ ಹೆಸರಿನ ತೀರ್ಥಗಳೂ ಇಲ್ಲಿರುವುವು. ಶಾಕುಂತಲವನ್ನು ಮೂವತ್ತು ವರ್ಷ ಪಾಠಹೇಳಿದ ನಮಗೆ, ಸಾಕುಮಗಳನ್ನು ಗಂಡನ ಮನೆಗೆ ಕಳುಹುವಾಗ ಗಂಟಲು ಕಟ್ಟಿಬಂದ ಆ ತಪಸ್ವಿಯ ಹೆಸರನ್ನು ಇಲ್ಲಿ ಕೇಳಿ, ಜೊತೆಯಲ್ಲಿದ್ದ ಹುಡುಗಿಯ ಕಡೆಗೆ ಕಣ್ಣು ತಿರುಗಿತು.

ಇನ್ನೂ ಮೇಲಕ್ಕೆ ಹೋದರೆ ಒಳಕಲ್ಲುತೀರ್ಥ. ಬಂಡೆಗಳ ಸಂದಿನಲ್ಲಿ ಒರಳಿನ ಬಾಯಿಯಂತೆ ಒಂದು ಕುಳಿಯಿದೆ. ಅದರೊಳಗೆ ತೋಳನ್ನು ಇಳಿಬಿಟ್ಟು ನೀರು ಸಿಕ್ಕುವುದೇ ನೋಡಬೇಕು. ಪುಣ್ಯವಂತರಿಗೆ ಮಾತ್ರ ಸಿಕ್ಕುವುದೆಂದು ನಂಬಿಕೆ. ಮುಂದೆ ಹತ್ತಾರು ಮಂದಿ ಸಾಲಾಗಿ ನಿಂತಿದ್ದರು. ಸಿಕ್ಕಿದವರು ಹಿಗ್ಗುತ್ತಿದ್ದರು, ಸಿಕ್ಕದವರು ಮಾತಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದರು. ಹುಡುಗಿಯು ನಮ್ಮ ಕಿವಿಯ ಬಳಿಗೆ ಬಂದು, “ಮಾವ, ನನಗೆ ಸಿಕ್ಕದಿದ್ದರೆ ಮನೆಯಲ್ಲಿ ಏನು ಹೇಳಲಿ?” ಎಂದಳು.

ನಮಗೆ ಉತ್ತರ ತೋಚಲಿಲ್ಲ. ವ್ಯಾಕರಣದಲ್ಲಿಯೂ ಅಲಂಕಾರದಲ್ಲಿಯೂ ಇಂತಹ ಪ್ರಶ್ನೆಗೆ ಉತ್ತರವಿಲ್ಲ. ಅಷ್ಟರಲ್ಲಿ ನಮ್ಮ ಗೃಹಿಣಿಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಮೊದಲು ನಾನು” ಎಂದು ಮುಂದೆ ಹೋಗಿ ಕುಳಿತು ಕೈಯಿಟ್ಟಳು. ಭುಜದವರೆಗೂ ಇಳಿಬಿಟ್ಟಳು. ನೀರು ಸಿಕ್ಕಲಿಲ್ಲ. ಎದ್ದು ನಿಂತು, ಸುತ್ತಲಿದ್ದವರಿಗೆಲ್ಲ ಕೇಳುವಂತೆ, “ಮೂರು ಮಕ್ಕಳನ್ನು ಹೆತ್ತು, ಐದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಸಿಕ್ಕಲಿಲ್ಲ. ಈ ತೀರ್ಥಕ್ಕೂ ಮಕ್ಕಳಿಗೂ ಸಂಬಂಧವಿದ್ದಂತೆ ಕಾಣೆ” ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕುಬಿಟ್ಟರು. ಹುಡುಗಿಯು ಆ ನಗೆಯ ನಡುವೆಯೇ ಕುಳಿತು ಕೈಯಿಟ್ಟಳು. ಬೆರಳ ತುದಿಗೆ ನೀರು ತಾಕಿತು. ಅದನ್ನು ತಂದು ನಮ್ಮ ಗೃಹಿಣಿಯ ತಲೆಯ ಮೇಲೆ ಚಿಮುಕಿಸಿ, “ಅತ್ತೆ, ಇದು ಪುಣ್ಯವಲ್ಲ, ತೋಳಿನ ಉದ್ದ” ಎಂದಳು. ನಂಬಿದವರನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಕಲ್ಲಿನ ಹೊಟ್ಟೆಯಲ್ಲಿ ತಣ್ಣೀರು ಕೈಗೆ ತಾಕುವುದೇ ಒಂದು ಸಂತೋಷ. ನಾವೂ ಕೈಯಿಟ್ಟು ಅದನ್ನು ಅನುಭವಿಸಿದೆವು. ಆದರೆ ಸಂತೋಷಕ್ಕಾಗಿ ಇರುವ ತೀರ್ಥವನ್ನು ಯಾರ ಬಾಳಿಗೂ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನಾಗಿ ಮಾಡಬಾರದು.

ಅಲ್ಲಿಂದ ಮುಂದೆ ದಾರಿ ಕಡಿದಾಗುವುದು. ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು. ಹಿಡಿದುಕೊಳ್ಳಲು ಕಬ್ಬಿಣದ ಸರಳುಗಳು. ಕೋತಿಗಳ ಕಾಟ ಹೇಳತೀರದು. ನಮ್ಮ ಕೈಯಲ್ಲಿದ್ದ ಸೌತೆಕಾಯಿಯನ್ನು ಒಂದು ಕೋತಿಯು ಸಾವಧಾನವಾಗಿ, ಸ್ವಂತ ಸೊತ್ತನ್ನು ತೆಗೆದುಕೊಳ್ಳುವಂತೆ ತೆಗೆದುಕೊಂಡಿತು. ಶಿಖರದ ಸಮೀಪದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ ಬಸವನಿದ್ದಾನೆ. ಅವನ ಸುತ್ತ ಪ್ರದಕ್ಷಿಣೆ ಬರುವುದಕ್ಕೆ ಇರುವ ಎಡೆ ಬಹು ಕಿರಿದು. ಕೆಳಗೆ ನೋಡಿದರೆ ಎದೆ ಝಲ್ಲೆನ್ನುವುದು. ನಾವು ದೂರದಿಂದಲೇ ಕೈಮುಗಿದೆವು. ಹುಡುಗಿಯೂ ಅವಳ ಗಂಡನೂ ಸುತ್ತಿ ಬಂದರು.

ನೆತ್ತಿಯ ಅಂಚಿನಲ್ಲಿ ಒಂದು ಕಡಿದಾದ ಪ್ರಪಾತವುಂಟು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯು ಗಂಡುಮಗುವಿಲ್ಲದ ದುಃಖದಿಂದ ಅಲ್ಲಿಂದ ಬಿದ್ದು ಪ್ರಾಣಬಿಟ್ಟಳೆಂದು ಜನರು ಹೇಳುವರು. ಆ ಸ್ಥಳಕ್ಕೆ ಅವಳ ಹೆಸರೇ ನಿಂತಿದೆ. ನಾವು ಹೋದಾಗ ಒಬ್ಬ ತರುಣನು ತನ್ನ ಗೆಳೆಯರಿಗೆ ಅದನ್ನೇ ವಿವರಿಸುತ್ತ, “ಮಕ್ಕಳಿಲ್ಲದ ಮೇಲೆ ರಾಣಿಯಾದರೇನು?” ಎಂದು ಮುಗಿಸಿದನು. ಅವನಲ್ಲಿ ದುರುದ್ದೇಶವೇನೂ ಇರಲಿಲ್ಲ. ತಾನು ಕೇಳಿದುದನ್ನು ಹೇಳಿದನು. ಆದರೆ ನಮ್ಮ ಹುಡುಗಿಯ ಮುಖ ಬಾಡಿತು. ಒಳಕಲ್ಲಿನಲ್ಲಿ ಕಳೆದುಹೋಗಿದ್ದ ಭಾರವು ಇಲ್ಲಿ ಮತ್ತೆ ಬಂದು ಕುಳಿತಂತಾಯಿತು.

ಆಗ ನಾವು ಅವಳನ್ನು ಒಂದು ಬಂಡೆಯ ನೆರಳಿನಲ್ಲಿ ಕೂರಿಸಿ, ಕಲ್ಲಿನಲ್ಲಿ ಬರೆದಿರುವುದೇನೆಂಬುದನ್ನು ಹೇಳಿದೆವು. ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವನು; ತಾಯಿ ಮಾಚಿಕಬ್ಬೆಯು ಜೈನಳು. ಎರಡು ಮತಗಳು ಒಂದೇ ಒಲೆಯ ಸುತ್ತ ಬಾಳಿದ ಮನೆ ಅದು. ಮಗಳು ತಾಯಿಯ ಧರ್ಮವನ್ನು ನಡೆಸಿ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಬೇಲೂರಿನ ಕಪ್ಪೆಚೆನ್ನಿಗರಾಯನ ಗುಡಿಯೂ ಅವಳದೇ. ಆ ಬಸದಿಯ ಬಳಿಯ ಶಾಸನವು ಅವಳು ವಿರೋಧಿಕೃತ್ ಸಂವತ್ಸರದಲ್ಲಿ, ಎಂದರೆ 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ದಳೆಂದು ಹೇಳುತ್ತದೆ. ಮುಡಿಪು ಎಂಬ ಹಳಗನ್ನಡ ಧಾತುವಿಗೆ ಕೊನೆಗಾಣಿಸು, ದೇಹವನ್ನು ಬಿಡು ಎಂದು ಅರ್ಥ. ವ್ರತವನ್ನು ಹಿಡಿದು ದೇಹತ್ಯಾಗ ಮಾಡಿದ ಜೈನರ ವಿಷಯದಲ್ಲಿಯೂ ಈ ಮಾತು ಬಳಕೆಯಾಗಿದೆ. ಮಗಳು ಹೋದಮೇಲೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ತೀರಿಕೊಂಡಳೆಂದೂ ಶಾಸನದಲ್ಲಿದೆ.

“ಹಾಗಾದರೆ ಬೆಟ್ಟದಿಂದ ಬಿದ್ದಳೆಂದು?”

“ಬರೆದಿಲ್ಲ.”

“ಗಂಡುಮಗುವಿಲ್ಲವೆಂದು?”

“ಅದೂ ಇಲ್ಲ. ವಿಷ್ಣುವರ್ಧನನ ತರುವಾಯ ಪಟ್ಟಕ್ಕೆ ಬಂದ ನರಸಿಂಹನು ಲಕ್ಷ್ಮೀದೇವಿಯೆಂಬ ಇನ್ನೊಬ್ಬ ರಾಣಿಯ ಮಗನೆಂಬುದು ನಿಜ. ಅದರಿಂದ ಜನರು ಊಹಿಸಿಕೊಂಡಿರಬಹುದು.”

“ಮತ್ತೆ ಅವಳ ವಿಷಯವಾಗಿ ಏನೇನು ಬರೆದಿದ್ದಾರೆ, ಮಾವ?”

ನಾವು ನೆನಪಿದ್ದಷ್ಟು ಹೇಳಿದೆವು. ವಿವೇಕದಲ್ಲಿ ಅವಳೊಬ್ಬಳೇ ಬೃಹಸ್ಪತಿ. ತತ್‌ಕ್ಷಣ ಉತ್ತರ ಹೊಳೆಯುವುದರಲ್ಲಿ ವಾಚಸ್ಪತಿ. ಗೀತ, ವಾದ್ಯ, ನೃತ್ಯಗಳಲ್ಲಿ ಸೂತ್ರಧಾರೆ. ಸೊಕ್ಕಿದ ಸವತಿಯರಿಗೆ ಮದ್ದಾನೆ. ಕೊನೆಯದಕ್ಕೆ ಅವಳು ನಕ್ಕಳು. ಮೊದಲನೆಯದನ್ನು ಮಾತ್ರ ಮತ್ತೊಮ್ಮೆ ಹೇಳಿಸಿ, “ವಿವೇಕೈಕಬೃಹಸ್ಪತಿ” ಎಂದು ತಾನೂ ತಪ್ಪಿಲ್ಲದೆ ಉಚ್ಚರಿಸಿದಳು. ಅವಳ ಗಂಡನು ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದವನು, “ಒಳಕಲ್ಲಿನ ಸಂಗತಿಯನ್ನು ಅಮ್ಮನಿಗೆ ನಾನೇ ಹೇಳುತ್ತೇನೆ; ಇನ್ನು ಇಂತಹ ಪರೀಕ್ಷೆಗಳು ಸಾಕೆಂದೂ ನಾನೇ ಹೇಳುತ್ತೇನೆ” ಎಂದನು. ಮಾತು ಸಣ್ಣದಾದರೂ ಅವನು ಒಂಬತ್ತು ವರ್ಷಗಳಿಂದ ಆಡದೆ ಇದ್ದ ಮಾತು.

ಇಷ್ಟರಿಂದ ಜನರ ಕಥೆಯನ್ನು ಸುಳ್ಳೆಂದು ತಳ್ಳಿಬಿಡಬೇಕೆಂದು ನಾವು ಹೇಳುವುದಿಲ್ಲ. ಕೆ. ವಿ. ಅಯ್ಯರವರು ‘ಶಾಂತಲಾ’ ಎಂಬ ಕಾದಂಬರಿಯನ್ನು ಬರೆದರು, ಸಿ. ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕೃತಿಯನ್ನು ರಚಿಸಿ, 1983ರಲ್ಲಿ ಮೂರ್ತಿದೇವಿ ಪುರಸ್ಕಾರಕ್ಕೆ ಪಾತ್ರರಾದರು. ಈ ಪ್ರಪಾತದ ಅಂಚಿನಲ್ಲಿ ಹೆಸರಿಲ್ಲದ ಜನರು ಅವಳಿಗಾಗಿ ನಿಟ್ಟುಸಿರಿಡದೆ ಇದ್ದಿದ್ದರೆ, ಒಂಬೈನೂರು ವರ್ಷಗಳ ತರುವಾಯ ಅವಳನ್ನು ಇಷ್ಟು ಮಂದಿ ನೆನೆಯುತ್ತಿದ್ದರೋ ಇಲ್ಲವೋ. ಶಾಸನವನ್ನು ಓದಬಲ್ಲವರು ಕೆಲವರು. ಕಥೆಯನ್ನು ಕೇಳಬಲ್ಲವರು ಎಲ್ಲರೂ. ಮಕ್ಕಳಿಲ್ಲದ ಹೆಣ್ಣನ್ನು ತಮ್ಮ ಕಾಲದ ಮನೆಗಳು ಎಷ್ಟು ನೋಯಿಸುತ್ತಿದ್ದುವೆಂಬುದನ್ನು ಹೆಂಗಸರು ಬಲ್ಲವರಾಗಿದ್ದರು. ಆ ನೋವನ್ನು ರಾಣಿಗೂ ಹೊದಿಸಿ, ಅವಳನ್ನು ತಮ್ಮವಳನ್ನಾಗಿ ಮಾಡಿಕೊಂಡರೆಂದು ನಮಗೆ ತೋರುವುದು. ಕರುಣೆಯಿಂದ ಹುಟ್ಟಿದ ಕಥೆ ಅದು. ಕೇಳುವವರ ಕಿವಿಯಲ್ಲಿ ಅದು ತೀರ್ಪಾಗಿ ಮಾರ್ಪಟ್ಟಾಗಲೇ ತೊಂದರೆ. ಆಗ ಮನೆಯಲ್ಲಿ ತಿಳಿದವರೊಬ್ಬರು ಶಾಸನವನ್ನೂ ಎತ್ತಿ ಹೇಳಬೇಕು.

ನಾಕ್‌ನರೇ ಬೆಟ್ಟದ ಮೇವ್ ರಾಣಿಯ ವಿಷಯದಲ್ಲಿ ಅಲ್ಲಿಯ ಜನರಿಗೆ ಕಲ್ಲುಗುಪ್ಪೆಯೂ ಕಥೆಯೂ ಇರುವುವೇ ಹೊರತು ಅವಳ ಕಾಲದ ಬರಹವಿಲ್ಲ. ನಮಗಾದರೋ ಎರಡೂ ಉಂಟು. ಬೆಟ್ಟವು ನಾಲ್ಕು ದಿಕ್ಕಿನಿಂದ ನಾಲ್ಕು ಬಗೆಯಾಗಿ ಕಾಣುವುದೆಂದು ಆಗಲೇ ಹೇಳಿದೆವಷ್ಟೆ. ರಾಣಿಯೂ ಹಾಗೆಯೇ. ಪ್ರಪಾತದ ಕಡೆಯಿಂದ ನೋಡಿದವರಿಗೆ ದುಃಖಿನಿ. ಬಸದಿಯ ಕಡೆಯಿಂದ ನೋಡಿದವರಿಗೆ ಬೃಹಸ್ಪತಿ. ಒಂದೇ ಕಡೆಯಿಂದ ನೋಡಿ ಹಿಂದಿರುಗುವುದು ಅರ್ಧ ಯಾತ್ರೆ.

ಶಿಖರದಲ್ಲಿ ತೀರ್ಥಕಂಬವೆಂಬುದೊಂದುಂಟು. ಮಕರಸಂಕ್ರಾಂತಿಯ ದಿನ ಅದರ ಬುಡದಲ್ಲಿ ನೀರು ಒಸರುವುದೆಂದೂ, ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ನಡೆಯುವ ಕಲ್ಯಾಣಕ್ಕೆ ಆ ತೀರ್ಥವನ್ನೇ ಬಳಸುವರೆಂದೂ ಹೇಳುವರು. ಈ ಬೆಟ್ಟಕ್ಕೂ ನೀರಿಗೂ ಇರುವ ನಂಟು ಪುರಾಣದಲ್ಲಿಯೇ ಮುಗಿಯುವುದಿಲ್ಲ. ಕುಮುದ್ವತಿ ನದಿಯು ಇಲ್ಲಿಯೇ ಹುಟ್ಟಿ, ಹರಿದು ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುವುದು. ಅಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ಚಾಮರಾಜಸಾಗರದ ನೀರನ್ನು ಬೆಂಗಳೂರಿನ ಮನೆಮನೆಗಳು ದಶಕಗಳ ಕಾಲ ಕುಡಿದುವು. ಶಿವಗಂಗೆಯೆಂಬ ಹೆಸರನ್ನೇ ಕೇಳದವರ ಕೊಡಗಳಲ್ಲಿಯೂ ಶಿವಗಂಗೆಯ ಮಳೆನೀರು ತುಂಬಿತ್ತು. ನಗರವು ಬೆಳೆದು, ನದಿಯು ಬಡವಾಗಿ, ಕಾವೇರಿಯನ್ನು ದೂರದಿಂದ ಎತ್ತಿ ತರಬೇಕಾಗಿ ಬಂದಿತು. ತೀರ್ಥವನ್ನು ತಲೆಯ ಮೇಲೆ ಚಿಮುಕಿಸಿಕೊಳ್ಳುವವರು ಅದು ಹರಿದು ಬರುವ ಹಳ್ಳದ ಮೇಲೆಯೂ ಅಷ್ಟೇ ಭಕ್ತಿಯನ್ನಿಟ್ಟರೆ ಲೇಸು.

ಹೋಗಬೇಕೆಂದಿರುವ ವಾಚಕರಿಗೆ ಎರಡು ಮಾತು. ಬಿಸಿಲೇರುವ ಮುನ್ನ ಹತ್ತಲು ಆರಂಭಿಸಿರಿ. ಕುಡಿಯುವ ನೀರನ್ನು ಚೀಲದೊಳಗೆ ಮುಚ್ಚಿಟ್ಟುಕೊಳ್ಳಿರಿ; ಕೈಯಲ್ಲಿ ಕಾಣಿಸಿದುದೆಲ್ಲ ಕೋತಿಗಳ ಪಾಲು. ವಯಸ್ಸಾದವರು ಗುಡಿಗಳವರೆಗೆ ಹೋದರೂ ಸಾಕು, ಕಾಶಿಯ ಫಲದಲ್ಲಿ ಕೊರತೆಯಾಗದು. ಮಳೆಗಾಲದಲ್ಲಿ ಬಂಡೆಯು ಜಾರುವುದರಿಂದ ಮೇಲಿನ ಮೆಟ್ಟಿಲುಗಳ ಸಾಹಸ ಬೇಡ. ಮಕ್ಕಳನ್ನು ಕರೆದೊಯ್ಯುವವರು ಶಿಖರದ ಅಂಚಿನಲ್ಲಿ ಅವರ ಕೈಯನ್ನು ಭದ್ರವಾಗಿ ಹಿಡಿದುಕೊಂಡು ರಾಣಿಯ ಕಥೆಯನ್ನು ಹೇಳಲಿ. ಅವಳು ಕಟ್ಟಿಸಿದ ಗುಡಿ ಬಸದಿಗಳನ್ನೂ, ಗೆದ್ದ ವಾದಗಳನ್ನೂ, ಕುಣಿದ ಕುಣಿತವನ್ನೂ ಮೊದಲು ಹೇಳಲಿ. ಬಿದ್ದಳೆಂಬ ಮಾತು ಕೊನೆಗೆ ಬಂದರೆ ಸಾಕು. ಅದನ್ನು ಹೇಳುವಾಗ ಜನರು ಹಾಗೆನ್ನುವರೆಂದೂ, ಕಲ್ಲು ಹಾಗೆನ್ನುವುದಿಲ್ಲವೆಂದೂ ಕೂಡಿಸಿ ಹೇಳಲಿ.